ತನಗೆ ತಾನೇ ಚೆಂಡು ಕೊಟ್ಟುಕೊಳ್ಳುವುದು

ನಲವತ್ತೇಳನೆಯ ವಯಸ್ಸಿನಲ್ಲಿ ನನ್ನ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು. ಬಾಗಿಲಿಗೆ ಎಡವಿದೆ ಎಂದು ಮನೆಯಲ್ಲಿ ಹೇಳಿದೆ. ಅದು ಸುಳ್ಳು. ಆ ಉಗುರನ್ನು ಕಪ್ಪು ಮಾಡಿದ್ದು ಐರ್ಲೆಂಡಿನ ಒಂದು ಆಟ. ಸರಿಯಾಗಿ ಹೇಳಬೇಕೆಂದರೆ, ನೂರು ವರ್ಷಗಳ ಹಿಂದೆ ಆ ಆಟದಲ್ಲಿ ಯಾರೋ ಪುಣ್ಯಾತ್ಮ ಹುಡುಕಿದ ಒಂದು ಉಪಾಯ.

ನಾನು ದುಬೈಯ ಒಂದು ಶಾಲೆಯ ಕ್ಲಿನಿಕ್ಕಿನಲ್ಲಿ ನರ್ಸ್. ಊರು ಉಪ್ಪಿನಂಗಡಿ, ಮನೆ ಅಲ್ ನಹ್ದಾದಲ್ಲಿ ಆರನೇ ಮಾಳಿಗೆ. ಗಂಡ ಇಬ್ರಾಹಿಂ ಅಲ್ ಕೂಜ್‌ನ ಗೋದಾಮಿನಲ್ಲಿ ಸೂಪರ್‌ವೈಸರ್. ಒಬ್ಬಳೇ ಮಗಳು ಸನಾ, ನನ್ನ ಶಾಲೆಯಲ್ಲೇ ಹತ್ತನೇ ಕ್ಲಾಸು. ಮನೆಯಲ್ಲಿ ನಾವು ಆಡುವುದು ಬ್ಯಾರಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಸನಾ ಮಾತ್ರ ಅರ್ಧ ವಾಕ್ಯ ನಮ್ಮ ಭಾಷೆಯಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಾಳೆ.

ಶಾಲೆಯ ಆಟದ ಟೀಚರ್ ಐರ್ಲೆಂಡಿನವಳು. ಅವಳ ಹೆಸರಿನ ಸ್ಪೆಲ್ಲಿಂಗ್ ನೋಡಿದರೆ ತಲೆ ತಿರುಗುತ್ತದೆ, ಕರೆಯುವುದು ಮಾತ್ರ ‘ನೀವ್’ ಎಂದು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಆದರೂ ಅವಳನ್ನು ಏಕವಚನದಲ್ಲಿ ಕರೆಯಲು ದಾರಿಯೇ ಇಲ್ಲ. ಹುಟ್ಟಿದ ಕೂಡಲೇ ಬಹುವಚನ ಪಡೆದ ಅದೃಷ್ಟವಂತೆ!

ಅವಳು ಮಕ್ಕಳಿಗೆ ಕಲಿಸುವುದು ಗೇಲಿಕ್ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಆದರೂ ಚೆಂಡು ಕೈಯಲ್ಲೇ ಹೆಚ್ಚು. ಹಿಡಿಯಬಹುದು, ಒದೆಯಬಹುದು, ಕೈಯಿಂದ ಗುದ್ದಿ ದಾಟಿಸಬಹುದು. ಆದರೆ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರೊಳಗೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ಮೇಲೆ ಬಿಟ್ಟು, ಹಗುರವಾಗಿ ಒದ್ದು, ಮತ್ತೆ ಕೈಗೇ ತಂದುಕೊಳ್ಳಬೇಕು. ಒಂದರ ಹಿಂದೆ ಒಂದು ಎರಡು ಸಲ ಪುಟಿಸುವಂತಿಲ್ಲ. ಕಾಲಿನಿಂದ ಕೈಗೆ ಎಷ್ಟು ಸಲವಾದರೂ ಆಗಬಹುದು. ಹೀಗೆ ಒಬ್ಬರೇ ಚೆಂಡು ಒಯ್ಯುವುದಕ್ಕೆ ಅವರು ‘ಸೋಲೋ’ ಎನ್ನುತ್ತಾರೆ. ಕನ್ನಡದ ಕಿವಿಗೆ ‘ಸೋಲು’ ಎಂದೇ ಕೇಳಿಸುತ್ತದೆ. ಸನಾಳ ವಿಷಯದಲ್ಲಿ ಹಾಗೇ ಆಯಿತು.

ನವೆಂಬರಿನಲ್ಲಿ ಬೇರೊಂದು ಶಾಲೆಯ ಜೊತೆ ಪಂದ್ಯ. ಸನಾಳ ಕೈಗೆ ಚೆಂಡು ಸಿಕ್ಕಿತು, ಎದುರಿಗೆ ಒಬ್ಬರೂ ಇರಲಿಲ್ಲ. ನಾಲ್ಕು ಹೆಜ್ಜೆ ಓಡಿ ಪಾದಕ್ಕೆ ಬಿಟ್ಟಳು. ಚೆಂಡು ಅವಳ ಕೈಗೆ ಬರುವ ಬದಲು ಪಕ್ಕಕ್ಕೆ ಹಾರಿ, ತಾಯಂದಿರು ಜೋಡಿಸಿಟ್ಟಿದ್ದ ತಿಂಡಿಯ ಮೇಜಿಗೆ ಬಡಿದು, ಸಮೋಸಾಗಳೆಲ್ಲ ಹುಲ್ಲಿನ ಮೇಲೆ. ಯಾರೋ ವಿಡಿಯೋ ಮಾಡಿ ಕ್ಲಾಸಿನ ಗ್ರೂಪಿಗೆ ಹಾಕಿದರು. ಮನೆಗೆ ಬಂದವಳೇ ಬೂಟುಗಳನ್ನು ವಾಷಿಂಗ್ ಮೆಷಿನ್ನಿನ ಹಿಂದೆ ಎಸೆದಳು.

“ಖಲಾಸ್ ಉಮ್ಮಾ. ಐ ಆಮ್ ಡನ್.”

ನಾನು ಕುದುರೆ ಏರಿದವನೇ ಬೀಳುವುದು ಇತ್ಯಾದಿ ಶುರುಮಾಡಿದೆ. ಅವಳು ನನ್ನನ್ನು ಒಮ್ಮೆ ನೋಡಿದಳು.

“ನಿನಗೆ ಹೇಳುವುದು ಸುಲಭ. ನೀನು ಒಂದು ಸಲ ಮಾಡಿ ನೋಡು. ಜಸ್ಟ್ ವನ್ಸ್.”

ಮೂರು ವಾರವಾದರೂ ಅವಳು ಮೈದಾನದ ಕಡೆ ಹೋಗಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಹೊಟ್ಟೆನೋವೆಂದು ನನ್ನ ಕ್ಲಿನಿಕ್ಕಿಗೇ ಬಂದು ಮಲಗತೊಡಗಿದಳು. ಎಲ್ಲರಿಗೂ ನಗು ಹಂಚುತ್ತಿದ್ದ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ನೋಡಿ ನನ್ನ ಹೊಟ್ಟೆಯೇ ನೋಯಿತು. ಗುಳಿಗೆಯಿಂದ ಹೋಗುವ ನೋವಲ್ಲ ಅದು ಎಂದು ನರ್ಸಿಗೆ ಗೊತ್ತಾಗದೆ ಇರುತ್ತದೆಯೇ?

ಒಂದು ಮಧ್ಯಾಹ್ನ ಚಹಾ ಕುಡಿಯಲು ಬಂದ ನೀವ್‌ಳನ್ನು ಕೇಳಿದೆ, “ಈ ದರಿದ್ರ ಸೋಲೋವನ್ನು ಮೊದಲು ಕಂಡುಹಿಡಿದವರು ಯಾರು?” ಸಿಕ್ಕಿದರೆ ಎರಡು ಮಾತು ಅನ್ನಬೇಕೆಂದಿತ್ತು.

ಮೊದಲಿಗೆ ಇದು ಆಟದಲ್ಲಿ ಇರಲೇ ಇಲ್ಲವಂತೆ. ಚೆಂಡು ಸಿಕ್ಕಿದರೆ ಬೇಗ ಬೇರೆಯವರಿಗೆ ದಾಟಿಸಬೇಕು, ಅಷ್ಟೇ. ನೂರು ವರ್ಷಗಳ ಹಿಂದೆ, ಅವಳ ಊರ ಕಡೆಯ, ಅಂದರೆ ಪಶ್ಚಿಮದ ಒಬ್ಬ ಆಟಗಾರ ಒಂದು ದಿನ ಯಾರಿಗೂ ಕೊಡದೆ ತನ್ನ ಕಾಲಿಗೇ ಕೊಟ್ಟ. ಕಾಲು ಮತ್ತೆ ಕೈಗೆ ಕೊಟ್ಟಿತು. ಹಾಗೆಯೇ ಓಡಿದ. ಇದು ತಪ್ಪೋ ಸರಿಯೋ ಎಂದು ಜನ ತಲೆ ಕೆರೆದುಕೊಂಡರಂತೆ. ತನಗೆ ತಾನೇ ಚೆಂಡು ಕೊಟ್ಟುಕೊಳ್ಳಬಾರದೆಂದು ಯಾರೂ ನಿಯಮ ಬರೆದಿಟ್ಟಿರಲಿಲ್ಲ, ಯಾಕೆಂದರೆ ಹಾಗೊಂದು ಇದೆಯೆಂದೇ ಯಾರಿಗೂ ಹೊಳೆದಿರಲಿಲ್ಲ!

ಈ ಕಥೆಯನ್ನು ನಾನು ವಿಜ್ಞಾನದ ಮೇಷ್ಟ್ರು ಕೀರನ್‌ಗೆ ಹೇಳಿದೆ. ಅವರೂ ಐರ್ಲೆಂಡಿನವರೇ, ಬೇರೆ ಜಿಲ್ಲೆ. “ಸುಳ್ಳು,” ಎಂದರು. “ನಮ್ಮ ಕಡೆ ಅದಕ್ಕೂ ಮೊದಲೇ ಮಾಡುತ್ತಿದ್ದರು. ಬರೆದಿಡುವವರು ಇರಲಿಲ್ಲ, ಅಷ್ಟೇ.” ನನಗೆ ನಗು ಬಂತು. ಗಡ್‌ಬಡ್ ಐಸ್‌ಕ್ರೀಮ್ ಮೊದಲು ಮಾಡಿದ್ದು ಮಂಗಳೂರೋ ಉಡುಪಿಯೋ ಎಂಬ ಜಗಳವನ್ನು ಕೇಳಿ ಬೆಳೆದವಳು ನಾನು. ಒಳ್ಳೆಯದಕ್ಕೆಲ್ಲ ಎರಡು ಊರುಗಳಲ್ಲಾದರೂ ಅಪ್ಪಂದಿರು ಇರುತ್ತಾರೆ.

ಆದರೆ ಅವನು ಯಾರೇ ಆಗಿರಲಿ, ಅವನ ಬಗ್ಗೆ ನನಗಿದ್ದ ಸಿಟ್ಟು ಇಳಿಯಿತು. ಎಲ್ಲರೆದುರು ಮಾಡುವ ಮೊದಲು ಅವನು ಎಲ್ಲೋ ಒಬ್ಬನೇ ಅಭ್ಯಾಸ ಮಾಡಿರಬೇಕಲ್ಲ? ಚೆಂಡು ಎಷ್ಟು ಸಲ ಬೇಲಿಯಾಚೆ ಹೋಗಿತ್ತೋ, ಎಷ್ಟು ಸಲ ಮೂಗಿಗೇ ಬಡಿದಿತ್ತೋ. ದಾರಿಯಲ್ಲಿ ಹೋಗುವವರು ಇವನಿಗೆ ತಲೆ ಸರಿಯಿಲ್ಲ ಎಂದಿರಬೇಕು. ಚರಿತ್ರೆ ಅವನ್ನೆಲ್ಲ ಬಿಟ್ಟು, ಚೆಂಡು ಸರಿಯಾಗಿ ಕೈಗೆ ಬಂದ ದಿನವನ್ನು ಮಾತ್ರ ಬರೆದುಕೊಳ್ಳುತ್ತದೆ. ನನ್ನ ಮಗಳ ಕ್ಲಾಸಿನವರು ಚರಿತ್ರೆ ಬಿಟ್ಟುಬಿಡುವುದನ್ನೇ ವಿಡಿಯೋ ಮಾಡಿದ್ದರು.

ಅಂದೇ ನಿರ್ಧರಿಸಿದೆ: ಬುದ್ಧಿ ಹೇಳುವುದು ಸಾಕು, ಮಾಡಿಯೇ ನೋಡುತ್ತೇನೆ. ನೀವ್‌ಳ ಹತ್ತಿರ ತಾಯಂದಿರ ಮತ್ತು ಸಿಬ್ಬಂದಿಯ ಒಂದು ತಂಡವಿತ್ತು. ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಪಂದ್ಯ, ಒಬ್ಬರು ಕಡಿಮೆ. ಹೆಸರು ಕೊಟ್ಟೆ. ಅವಳು ನನ್ನನ್ನು ತಬ್ಬಿಕೊಂಡಳು. ನನ್ನ ಆಟ ನೋಡಿದ ಮೇಲೆ ಮತ್ತೆ ತಬ್ಬಿಕೊಳ್ಳಲಿಲ್ಲ.

ಸಂಜೆ ಕೆಲಸ ಮುಗಿಸಿ ಬಂದು ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ ಅಭ್ಯಾಸ. ಎರಡನೆಯ ದಿನವೇ ಚೆಂಡು ಯಾರದೋ ಕಾರಿನ ಕನ್ನಡಿಗೆ ತಗುಲಿತು. ಪೇಶಾವರದ ಕಡೆಯ ವಾಚ್‌ಮ್ಯಾನ್ ಓಡಿ ಬಂದ. “ಸಿಸ್ಟರ್, ಇಧರ್ ಬಾಲ್ ಮಾಫಿ!” ಎಂದ, ಅಂದರೆ ಇಲ್ಲಿ ಚೆಂಡಾಟ ಇಲ್ಲ. ಕನ್ನಡಿ ಒಡೆದಿರಲಿಲ್ಲ, ನನ್ನ ಮಾನ ಮಾತ್ರ ಸ್ವಲ್ಪ ಬಿರುಕು ಬಿಟ್ಟಿತ್ತು. ಮಾರನೆಯ ದಿನದಿಂದ ಹಿಂದಿನ ಖಾಲಿ ಮರಳು ಜಾಗಕ್ಕೆ ಹೋದೆ. ಉದ್ದ ಕುರ್ತಾ, ಬಿಗಿದು ಕಟ್ಟಿದ ಶಾಲು. ಬಿಡು, ಒದೆ, ಹಿಡಿ. ಬಿಡುವುದು ಬರುತ್ತಿತ್ತು, ಒದೆಯುವುದೂ ಬರುತ್ತಿತ್ತು. ಹಿಡಿಯುವುದಕ್ಕೆ ಚೆಂಡು ಇರುತ್ತಿರಲಿಲ್ಲ. ಉಗುರು ಕಪ್ಪಾದದ್ದು ಈ ದಿನಗಳಲ್ಲೇ. ಆದರೂ ಒಂದು ದಿನ ತಪ್ಪಿಸಲಿಲ್ಲ. ಸಂಜೆಗೆ ನೂರು ಸಲ ಎಂದು ಲೆಕ್ಕ ಹಾಕಿಕೊಂಡೆ, ನೂರಾಗುವ ತನಕ ಮೇಲೆ ಬರುತ್ತಿರಲಿಲ್ಲ.

ಇಬ್ರಾಹಿಂಗೆ ಗುಟ್ಟು ಗೊತ್ತಾಯಿತು. “ಈ ವಯಸ್ಸಲ್ಲಿ ಕಾಲು ಮುರಿದರೆ ಎಂತ ಮಾಡ್ತಿ ಜಮೀಲಾ?”

“ಕಟ್ಟು ಹಾಕಲು ನರ್ಸ್ ಮನೆಯಲ್ಲೇ ಇದ್ದಾಳಲ್ಲ,” ಎಂದೆ.

ಹತ್ತೋ ಹನ್ನೊಂದೋ ದಿನವಾಗಿರಬೇಕು. ಚೆಂಡಿನ ಹಿಂದೆ ಓಡಿ ಏದುಸಿರು ಬಿಡುತ್ತಾ ತಿರುಗಿದರೆ ಸನಾ ನಿಂತಿದ್ದಳು, ಕಾಲಲ್ಲಿ ಮನೆಯ ಚಪ್ಪಲಿ. ಬಾಲ್ಕನಿಯಲ್ಲಿ ನಿಂತು ಒಂದು ವಾರದಿಂದ ನೋಡುತ್ತಿದ್ದಳಂತೆ.

“ಉಮ್ಮಾ, ಪ್ಲೀಸ್. ಎಲ್ಲಾ ಬಾಲ್ಕನಿಯವರೂ ನೋಡ್ತಿದ್ದಾರೆ.”

“ನೋಡಲಿ. ನಿಯಮದಲ್ಲಿ ನೋಡಬಾರದು ಅಂತ ಇಲ್ಲ.”

ನಾನು ಮತ್ತೆ ಬಿಟ್ಟೆ, ಒದ್ದೆ. ಚೆಂಡು ಪಕ್ಕದ ಪೊದೆಗೆ ಹೋಯಿತು. ಸನಾ ಹಣೆ ಚಚ್ಚಿಕೊಂಡಳು. “ಅಯ್ಯೋ, ಎತ್ತರದಿಂದ ಬಿಡಬೇಡ. ಕೆಳಗೆ ಬಿಡು, ಹತ್ತಿರ. ಬೆರಳು ಮೇಲಕ್ಕೆ, ಟೋಸ್ ಅಪ್! ಒದೆಯೋದಲ್ಲ ಉಮ್ಮಾ, ನಿನ್ನ ಕಡೆ ಕರಿಯೋದು.” ಹೇಳಿ ಸಾಕಾಗಿ ಚಪ್ಪಲಿ ಕಳಚಿ, ಬರಿಗಾಲಲ್ಲೇ ಮಾಡಿ ತೋರಿಸಿದಳು. ಚೆಂಡು ಸಾಕಿದ ಪಾರಿವಾಳದ ಹಾಗೆ ಅವಳ ಕೈಗೆ ಬಂದು ಕೂತಿತು. ಒಂದು ಸಲ, ಎರಡು ಸಲ, ಐದು ಸಲ. ಹೊಗಳಿದರೆ ನಿಲ್ಲಿಸಿಬಿಡುತ್ತಾಳೆಂದು ಬಾಯಿಮುಚ್ಚಿಕೊಂಡೆ. ಜೀವನದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದೇ ಇರಬೇಕು.

ಅಂದಿನಿಂದ ಅವಳು ದಿನಾ ಬರತೊಡಗಿದಳು, ಶಾಲೆಯ ಮೈದಾನಕ್ಕೆ ಮಾತ್ರ ಇನ್ನೂ ಇಳಿಯುತ್ತಿರಲಿಲ್ಲ. ನೀವ್‌ಳಿಗಿಂತ ಕಟುವಾದ ಗುರು. “ಇಪ್ಪತ್ತು ಇನ್ನೂ ಬಾಕಿ. ಯಲ್ಲಾ, ಬೇಗ!” ಎನ್ನುತ್ತಿದ್ದಳು.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಮೂವರೂ ಅಬುಧಾಬಿಗೆ ಹೋದೆವು. ಪಂದ್ಯದ ಎರಡನೆಯ ಅರ್ಧದಲ್ಲಿ ಚೆಂಡು ಹೇಗೋ ನನ್ನ ಎದೆಗೆ ಬಂದು ಬಿತ್ತು. ಸುತ್ತ ನಮ್ಮವರು ಒಬ್ಬರೂ ಇಲ್ಲ. ಓಡಿದೆ. ನಾಲ್ಕು ಹೆಜ್ಜೆ, ಪಾದಕ್ಕೆ ಬಿಟ್ಟೆ, ಬಂತು. ಮತ್ತೆ ನಾಲ್ಕು, ಪುಟಿಸಿದೆ, ಬಂತು. ಮತ್ತೆ ನಾಲ್ಕು, ಪಾದಕ್ಕೆ ಬಿಟ್ಟೆ. ಚೆಂಡು ಮೊಣಕಾಲಿಗೆ ತಗುಲಿ ಹುಲ್ಲಿಗೆ ಬಿದ್ದು, ನನ್ನೆದುರೇ ಉರುಳಿ ನಿಂತಿತು.

ನಾನೂ ನಿಂತೆ. ಮೊಬೈಲಿನಲ್ಲಿ ಗಂಡಸರ ಪಂದ್ಯಗಳನ್ನು ನೋಡಿ ನೋಡಿ ಒಂದು ನಿಯಮ ತಲೆಯಲ್ಲಿ ಕೂತಿತ್ತು: ನೆಲದ ಚೆಂಡನ್ನು ಸೀದಾ ಕೈಯಿಂದ ಎತ್ತುವಂತಿಲ್ಲ, ಮೊದಲು ಕಾಲಿನಿಂದ ಮೇಲೆತ್ತಬೇಕು. ಅದನ್ನು ನಾನು ಕಲಿತೇ ಇರಲಿಲ್ಲ. ಎದುರಾಳಿಗಳು ಓಡಿ ಬರುತ್ತಿದ್ದರು. ಆಗ ಗೆರೆಯಾಚೆಯಿಂದ ಸನಾ ಗಂಟಲು ಹರಿಯುವ ಹಾಗೆ ಕೂಗಿದಳು.

“ಉಮ್ಮಾ, ಎತ್ತು! ಕೈಯಲ್ಲೇ ಎತ್ತು! ನಾವು ಎತ್ತಬಹುದು!”

ಬಗ್ಗಿ ಎತ್ತಿದೆ. ಎರಡು ಹೆಜ್ಜೆ ಓಡಿ, ಬಲಕ್ಕೆ ಬಂದ ನಮ್ಮ ಲೈಬ್ರರಿಯ ಮರೀನಾಳ ಕಡೆ ಗುದ್ದಿದೆ. ಅವಳು ಒದ್ದದ್ದು ಗೋಲಿನ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾರಿತು. ಒಂದು ಪಾಯಿಂಟ್. ಪಂದ್ಯವನ್ನು ಚೆನ್ನಾಗಿಯೇ ಸೋತೆವು. ಆದರೆ ಸೋಮವಾರ ಆಟದ ಪೀರಿಯಡ್ಡಿನಲ್ಲಿ ನನ್ನ ಕ್ಲಿನಿಕ್ಕಿನ ಮಂಚ ಖಾಲಿಯಿತ್ತು. ಕಿಟಕಿಯಿಂದ ನೋಡಿದೆ, ಸನಾ ಓಡುತ್ತಿದ್ದಳು, ಚೆಂಡು ಒಮ್ಮೆ ತಪ್ಪಿತು, ನಕ್ಕು ಹಿಂದೆ ಓಡಿದಳು.

ಆ ಶನಿವಾರ ಅಬುಧಾಬಿಯಿಂದ ಬರುವಾಗ ಕಾರಿನಲ್ಲಿ ಸನಾ ನಿದ್ದೆ ಹೋಗಿದ್ದಳು. ಇಬ್ರಾಹಿಂ ಕೇಳಿದರು, “ಅಲ್ಲ, ಗಂಡಸರು ನೆಲದ ಚೆಂಡನ್ನು ಕೈಯಿಂದ ಎತ್ತಬಾರದು, ಹೆಂಗಸರು ಎತ್ತಬಹುದು. ಇದೆಂತ ನಿಯಮ?”

ನನಗೂ ಗೊತ್ತಿರಲಿಲ್ಲ. ಆದರೂ ಹೇಳಿದೆ.

“ಮನೆಯಲ್ಲಿ ನೆಲದ ಮೇಲೆ ಬಿದ್ದದ್ದನ್ನೆಲ್ಲ ಬಗ್ಗಿ ಎತ್ತುವುದು ಯಾರು ಅಂತ, ನಿಯಮ ಬರೆದವರು ನೋಡಿರಬೇಕು.”

ಮನೆ ತಲುಪಿದ ಮೇಲೆ ಇಬ್ರಾಹಿಂ, ಬಾಗಿಲ ಬಳಿ ಮೂರು ದಿನದಿಂದ ಬಿದ್ದಿದ್ದ ತಮ್ಮ ಸಾಕ್ಸನ್ನು ತಾವೇ ಬಗ್ಗಿ ಎತ್ತಿಕೊಂಡು ಒಳಗೆ ಹೋದರು.