ಅಳತೆ ಜಂಪರು ತಿಂದ ನಾಯಿ

ಸಿಂದಗಿಯ ನಮ್ಮ ಓಣಿಯ ಟೇಲರ್ ಕಾಕಾನ ನಾಯಿ ಅಂಗಿ ಗುಂಡಿ, ಗುರುತು ಹಾಕುವ ಸೀಮೆಸುಣ್ಣ, ಚಿಂದಿ ಅನ್ನದೆ ಸಿಕ್ಕಿದ್ದನ್ನೆಲ್ಲ ನುಂಗುತ್ತಿತ್ತು. ಯಾರಾದರೂ ಬೈದರೆ ಕಾಕಾ ಅದರ ಬೆನ್ನು ಸವರಿ, "ಹಸದೈತ್ರಿ, ಪಾಪ" ಅನ್ನುತ್ತಿದ್ದ. ಅದು ಕರಿ ನಾಯಿ ಅಂತ ನನ್ನ ನೆನಪು. ಅಕ್ಕ ಕಂದು ಅನ್ನುತ್ತಾಳೆ.

ಕಾಕಾ ಹೆಂಗಸರ ಮೈ ಅಳೆಯುತ್ತಿರಲಿಲ್ಲ. ಅವರ ಹಳೆಯ ಜಂಪರು ಇಸಿದುಕೊಂಡು, ಅದರ ಅಳತೆಗೆ ಹೊಸದನ್ನು ಹೊಲಿಯುತ್ತಿದ್ದ. ಅಕ್ಕನ ಮದುವೆಯ ಹಿಂದಿನ ದಿನ ಅವಳ ಅಳತೆ ಜಂಪರನ್ನೇ ನಾಯಿ ತಿಂದುಬಿಟ್ಟಿತು.

"ಕಾಕಾ, ನಾಳೆ ತಲಿ ಮ್ಯಾಲೆ ಅಕ್ಕಿಕಾಳು ಬೀಳ್ತಾವ! ಈಗ ನಾಯಿ ಹೊಟ್ಟಿ ಅಳೀತಿಯೇನು?" ಅಂತ ಅಕ್ಕ ಚೀರಿದಳು.

ಕಾಕಾ ಗೋಡೆಗೆ ಮುಖ ಮಾಡಿ ನಿಂತು ಟೇಪನ್ನು ಹಿಂದಕ್ಕೆ ಚಾಚಿದ. "ನೀನ ಅಳಕೊಂಡು ಹೇಳವಾ. ನಾ ತಿರಗಂಗಿಲ್ಲ."

"ಎದಿ ಮೂವತ್ತೆಂಟು. ಏನ್ ಕಾಕಾ, ಇಷ್ಟ ದಪ್ಪ ಆಗೇನೇನು?"

"ಮದವಿ ಮನಿ ಊಟ, ತಂಗಿ."

ಆ ಟೇಪಿನ ಮೊದಲ ಆರು ಇಂಚನ್ನು ನಾಯಿ ಎಂದೋ ತಿಂದಿತ್ತು. ಅದು ಅಕ್ಕನಿಗೆ ಗೊತ್ತಿರಲಿಲ್ಲ. ಲೆಕ್ಕದಲ್ಲಿ ಕಳೆಯುವುದು ಕಾಕಾನಿಗೆ ನೆನಪಾಗಲಿಲ್ಲ.

ಜಂಪರು ಹೊತ್ತಿಗೆ ಸರಿಯಾಗಿ ಬಂತು. ಮದುವೆಯ ಪ್ರತಿ ಫೋಟೋದಲ್ಲೂ ಅವ್ವ ಅಕ್ಕನ ಬೆನ್ನಿಗೆ ಅಂಟಿಕೊಂಡು ನಿಂತಿದ್ದಾಳೆ. ನೋಡಿದವರು ತಾಯಿಯ ಮಾಯೆ ಅನ್ನುತ್ತಾರೆ. ಫೋಟೋದಲ್ಲಿ ಕಾಣದಿರುವುದು ಅವ್ವನ ಬಲಗೈ ಮುಷ್ಟಿ, ಅದರೊಳಗೆ ಗಟ್ಟಿಯಾಗಿ ಹಿಡಿದ ಆರು ಇಂಚು ಜಂಪರು.