ಬೆನ್ನಿಗೆ ಒಂದು ಹನಿ ಹಾಲು

ನಾನು ಜಗಳೂರಿಗೆ ಮದುವೆಯಾಗಿ ಬಂದಾಗಿನಿಂದ ಪ್ರತಿ ನಾಗರ ಪಂಚಮಿಗೆ ತಮ್ಮ ಬಂದು ತವರಿಗೆ ಕರೆದುಕೊಂಡು ಹೋಗುತ್ತಿದ್ದ. ಅಪ್ಪ ಅಮ್ಮ ತೀರಿದ ಮೇಲೂ ಅದೊಂದು ತಪ್ಪಿರಲಿಲ್ಲ. ತ್ಯಾವಣಿಗೆಯಲ್ಲಿ ಹುತ್ತಕ್ಕೆ ಹಾಲೆರೆದು, ಗಿಂಡಿಯಲ್ಲಿ ಉಳಿದದ್ದನ್ನು ಅವನ ಬೆನ್ನಿಗೆ ಹಾಕಿ, ಒಡಹುಟ್ಟಿದವನ ಬೆನ್ನು ತಂಪಾಗಿರಲಿ ಎಂದು ಬೇಡಿಕೊಂಡ ಮೇಲೆಯೇ ನಾನು ಬಾಯಿಗೆ ನೀರು ಹಾಕುವುದು.

ಹೋದ ವರ್ಷ ಅವನು ಬರಲಿಲ್ಲ. ಹಬ್ಬದ ಮರುದಿನ ಹೊನ್ನಾಳಿಯಲ್ಲಿ ನ್ಯಾಮತಿಯವರ ಮೇಲೆ ಫುಟ್‌ಬಾಲ್ ಮ್ಯಾಚು, ಪ್ರಾಕ್ಟೀಸ್ ಬಿಟ್ಟು ಬರಲಾಗದು, ಈ ಸಲ ಅಲ್ಲೇ ಹಬ್ಬ ಮಾಡಿಕೋ ಎಂದು ಫೋನಿನಲ್ಲಿ ಹೇಳಿ ಮುಗಿಸಿದ. ಮೂವತ್ತೈದು ದಾಟಿದ, ಮಕ್ಕಳೊಂದಿಗ. ಕಾಲೇಜಿನಲ್ಲಿ ಅಂಟಿದ ಚಟ ಇನ್ನೂ ಬಿಟ್ಟಿಲ್ಲ. ಎಳ್ಳುಂಡೆ ಕಟ್ಟುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಅಂದರು, "ಬಿಡವ್ವ, ನಿನ್ನ ತಮ್ಮಗೆ ಈಗ ಚೆಂಡೇ ಅಕ್ಕ ಆಗೈತೆ."

ಆ ಮಾತು ಚುಚ್ಚಿತು. ಕರೆಯದೆ ತವರಿಗೆ ಹೋಗಬಾರದೆಂದು ಗೊತ್ತಿದ್ದೂ ಪಂಚಮಿಯ ಬೆಳಿಗ್ಗೆ ಒಬ್ಬಳೇ ಬಸ್ ಹತ್ತಿದೆ. ಹಬ್ಬದ ನೂಕುನುಗ್ಗಲಿನಲ್ಲೂ ದಾವಣಗೆರೆಯವರೆಗೆ ಕೂರಲು ಜಾಗ ಸಿಕ್ಕಿತು. ಅಷ್ಟು ದಯೆ ಇತ್ತು ದೇವರಿಗೆ. ತ್ಯಾವಣಿಗೆಯಲ್ಲಿ ತಮ್ಮನ ಹೆಂಡತಿ ಏನೂ ಕೇಳದೆ ಗಿಂಡಿ ತುಂಬ ಹಾಲು ಕೊಟ್ಟಳು, ಅವರು ಮೈದಾನದಲ್ಲಿದ್ದಾರೆ ಎಂದಳು. ಅವಳು ಏನೂ ಕೇಳದಿದ್ದುದೂ ಒಂದು ದಯೆಯೇ.

ಹುತ್ತಕ್ಕೆ ಎರೆದು, ಉಳಿದ ಹಾಲು ಹಿಡಿದು ಮೈದಾನಕ್ಕೇ ಹೋದೆ. ಪಂಚಮಿಯ ದಿನ ನೆಲ ಅಗೆಯಬಾರದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿ ಗಡ್ಡ ಮೀಸೆ ಬಂದ ಗಂಡಸರು ಹಾರೆ ಹಿಡಿದು ಪ್ರಾಕ್ಟೀಸಿಗೆಂದು ಗೋಲಿನ ಕಂಬಕ್ಕೆ ಗುಂಡಿ ತೋಡುತ್ತಿದ್ದರು. ತಮ್ಮ ನನ್ನನ್ನು ಕಂಡು ಪಕ್ಕಕ್ಕೆ ಬಂದ. ಅಂಗಿ ಎತ್ತು ಎಂದೆ. ಮೊದಲು ಒಲ್ಲೆನೆಂದ, ಆಮೇಲೆ ತಿರುಗಿ ನಿಂತು ಎತ್ತಿದ. ಸೊಂಟದಿಂದ ಹೆಗಲಿನವರೆಗೆ ಔಷಧಿ ಪಟ್ಟಿ ಅಂಟಿಸಿದ್ದರು.

"ಯಾವಾಗ ಆತೋ ಇದು?"

"ಆಡುವಾಗ ಬಿದ್ದಿದ್ದೆ. ಹಾಲು ಬ್ಯಾಡಕ್ಕ. ಪಟ್ಟಿ ನೆಂದು ಕಿತ್ತು ಬಂದ್ರೆ ನಾಳೆ ಆಡಾಕೆ ಆಗಲ್ಲ. ಎಲ್ಲಾರೂ ನನ್ನೇ ನಂಬ್ಕೊಂಡಾರೆ."

"ನಾನೂ ನಿನ್ನೇ ನಂಬ್ಕೊಂಡಿದ್ನಲ್ಲೋ."

ಗುಂಡಿ ತೋಡುತ್ತಿದ್ದವನೊಬ್ಬ ಅಲ್ಲಿಂದಲೇ ಕೂಗಿದ, "ಅಕ್ಕಾರೆ, ನ್ಯಾಮತಿಯೋರಿಗೂ ಒಂಚೂರು ಎರೀರಿ, ನಾಳೆ ಕಚ್ಚದಂಗೆ ಇರ್ಲಿ." ಎಲ್ಲರೂ ನಕ್ಕರು. ತಮ್ಮನೂ ನಕ್ಕ.

ನಾನು ಕದಲಲಿಲ್ಲ. ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲ. ಕೊನೆಗೆ ತಮ್ಮನೇ, "ಆತು, ಒಂದು ಹನಿ ಹಾಕು," ಎಂದ. ಕುತ್ತಿಗೆಯ ಕೆಳಗೆ ಪಟ್ಟಿ ಇಲ್ಲದ ಎರಡು ಬೆರಳಷ್ಟು ಜಾಗವಿತ್ತು. ಹುತ್ತದ ಪೂಜೆಯಲ್ಲಿ ಉಳಿದಿದ್ದ ಹೂವನ್ನು ಹಾಲಿನಲ್ಲಿ ಅದ್ದಿ ಅಲ್ಲಿ ಮುಟ್ಟಿಸಿದೆ. ನಾನು ಕಣ್ಣು ಮುಚ್ಚಿ ಬೇಡಿಕೊಂಡು ತೆರೆಯುವಷ್ಟರಲ್ಲಿ ಅವನು ಅಂಗಿಯ ತುದಿಯಿಂದ ಅದನ್ನು ಒರೆಸಿಕೊಳ್ಳುತ್ತಿದ್ದ.

ಊಟ ಮಾಡಿಕೊಂಡು ಹೋಗು ಎಂದ. ಕಣ್ಣು ಮೈದಾನದ ಕಡೆಗೇ ಇತ್ತು. ಮನೆಯ ಜಗಲಿಯಲ್ಲಿ ಒಂದು ಲೋಟ ನೀರು ಕುಡಿದು, ಉಳಿದ ಹಾಲನ್ನು ಅವನ ಹೆಂಡತಿಯ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಬಸ್ ಹತ್ತಿದೆ.

ದಾರಿಯುದ್ದಕ್ಕೂ ಕೈಮುಗಿದು ಕೂತಿದ್ದೆ. ಮ್ಯಾಚು ಗೆಲ್ಲಲಿ ಎಂದು ಬೇಡಲು ನನಗೆ ಬಾಯಿ ಬರಲಿಲ್ಲ. ಆ ಬೆನ್ನು ಇನ್ನೊಮ್ಮೆ ನೆಲಕ್ಕೆ ಬೀಳದಿರಲಿ ನಾಗಪ್ಪ ಎಂದೆ, ಅಷ್ಟೇ. ಈ ವರ್ಷ ಪಂಚಮಿಗೆ ಅವನೇ ಫೋನ್ ಮಾಡಿ ಬಾ ಅಂದ. ನಾನು ಜಗಳೂರಿನ ಹುತ್ತಕ್ಕೇ ಎರೆದೆ.