ಅತ್ತೆಯ ಕಷಾಯಕ್ಕೆ ಸೊಸೆಯ ಅಂಕ

ಬೆಳಿಗ್ಗೆ ಎಂಟೂವರೆಗೆ ಆಕೆ ಹನ್ನೊಂದನೇ ಇಲಿಪಂಜರದ ತಟ್ಟೆ ಹೊರಗೆಳೆದು, ಚಿಮಟದಲ್ಲಿ ಒಂದು ಹಿಕ್ಕೆ ಎತ್ತಿ ದೀಪದ ಕೆಳಗೆ ಹಿಡಿದರು. ಗಟ್ಟಿಯಿದ್ದರೆ ಸೊನ್ನೆ, ಮೆತ್ತಗಿದ್ದರೆ ಒಂದು, ನೀರಾಗಿದ್ದರೆ ಎರಡು, ರಕ್ತ ಕಂಡರೆ ಮೂರು. ಇದು ಗಟ್ಟಿಯೋ ಮೆತ್ತಗೋ ಹೇಳುವುದು ಕಷ್ಟ. ಕೊಂಚ ಯೋಚಿಸಿ ಒಂದು ಎಂದು ಬರೆದರು.

ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವ ಈ ಕೆಲಸದಲ್ಲಿ ಅವರಿಗೆ ಹತ್ತೊಂಬತ್ತು ವರ್ಷ. ಎಲ್ಲರ ಬಾಯಲ್ಲೂ ಇಲಿಮನೆ ಅಕ್ಕ. ಹಿಕ್ಕೆ ನೋಡಿ ಇಲಿಯ ಹೊಟ್ಟೆಯೊಳಗಿನದನ್ನು ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಈ ಸಲ ಇಪ್ಪತ್ತನಾಲ್ಕು ಇಲಿಗಳಿಗೆ ಕರುಳಿನ ಉರಿಯೂತ ಬರಿಸಿ ಮೂರು ಸಾಲು ಮಾಡಿದ್ದರು. ಒಂದು ಸಾಲಿಗೆ ಬರೀ ನೀರು, ಇನ್ನೊಂದಕ್ಕೆ ಅಂಗಡಿಯ ಔಷಧಿ, ಮತ್ತೊಂದಕ್ಕೆ ಬೇರಿನ ಕಷಾಯ. ಯಾವ ಸಾಲಿಗೆ ಯಾವುದೆಂಬುದು ಅಂಕ ಹಾಕುವವರಿಗೆ ತಿಳಿಯಬಾರದು. ಆ ಪಟ್ಟಿ ವಿಜ್ಞಾನಿಯ ಬೀರುವಿನಲ್ಲಿತ್ತು.

ಕಷಾಯ ಅಕ್ಕನ ಅತ್ತೆಯದೇ. ನೆರೆಹೊರೆಯ ಹೊಟ್ಟೆಗಳಿಗೆಲ್ಲ ನಲವತ್ತು ವರ್ಷ ಅದನ್ನೇ ಕುಡಿಸಿದವರು. ಇಲ್ಲಿ ಸೋತರೆ ಅಲ್ಲಿಗೇ ಕೈಬಿಡುವುದೆಂದು ವಿಜ್ಞಾನಿ ಮೊದಲೇ ಹೇಳಿದ್ದರು. ಅತ್ತೆ ದಿನಾ ಸಂಜೆ ಬಾಗಿಲಲ್ಲೇ ನಿಂತು ತಮ್ಮ ಇಲಿಗಳ ಯೋಗಕ್ಷೇಮ ಕೇಳುತ್ತಿದ್ದರು. ಪರೀಕ್ಷೆ ಮುಗಿಯಲಿ ಎಂದು ಸೊಸೆ ಒಳಗೆ ಹೋಗುತ್ತಿದ್ದರು.

ಅಂದು ಒಂಬತ್ತನೇ ದಿನ. ಅಂಕಗಳ ಹಾಳೆ ನೋಡಿದ ವಿಜ್ಞಾನಿ ಹುಬ್ಬು ಗಂಟಿಕ್ಕಿದರು. ಎರಡನೇ ಸಾಲಿನ ಇಲಿಗಳ ತೂಕ ಏರಿದೆ, ಮೈ ಮಿಂಚುತ್ತಿದೆ, ಅಂಕ ಮಾತ್ರ ಕಾಯಿಲೆ ಇಲಿಗಳದ್ದು. ಇದು ಹೇಗೆ ಎಂದು ಕೇಳಿದರು.

ಅಕ್ಕ ಕೈಗವಸು ಕಳಚಿದರು. "ಮೇಡಂ, ಎರಡನೇ ಸಾಲು ನಮ್ಮತ್ತೇದು. ಬಾಟಲಿ ಮುಚ್ಚಳ ತೆಗೆದ ದಿನಾನೇ ಗೊತ್ತಾಯ್ತು. ಇಪ್ಪತ್ತಾರು ವರ್ಷದಿಂದ ಆ ವಾಸನೇಲೇ ಇದೀನಲ್ಲ."

"ಗೊತ್ತಿದ್ರೆ ಒಳ್ಳೆ ಅಂಕ ಹಾಕ್ಬೇಕಿತ್ತಲ್ಲ?"

"ಪಕ್ಷಪಾತ ಅಂದುಬಿಟ್ರೆ? ಅದಕ್ಕೇ ಅನುಮಾನ ಬಂದಾಗೆಲ್ಲ ಒಂದು ಜಾಸ್ತಿ ಹಾಕಿದೆ."

ವಿಜ್ಞಾನಿ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಆಮೇಲೆ ಒಂಬತ್ತೂ ದಿನದ ಅಂಕಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಪರೀಕ್ಷೆ ಮೊದಲಿಂದ ನಡೆಯಬೇಕು.

ಸಂಜೆ ಅತ್ತೆಗೆ ಎಲ್ಲವನ್ನೂ ಹೇಳಬೇಕಾಯಿತು. ಬಟಾಣಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ನಿನ್ನ ಅಡುಗೆಗೆ ನಾನು ಹಾಕಿದ ಅಂಕಕ್ಕೆಲ್ಲ ಪಾಪದ ಇಲಿಗಳ ಮೇಲೆ ಸೇಡು ತೀರಿಸ್ಕೊಂಡ್ಯಲ್ಲ ತಾಯಿ" ಎಂದರು. ಇನ್ನೊಂದು ಬಟಾಣಿ ಸುಲಿದು, ತೂಕ ಎಷ್ಟು ಏರಿತ್ತೆಂದು ವಿಚಾರಿಸಿದರು.

ಸೋಮವಾರ ಹೊಸ ಇಲಿಗಳು ಬರುತ್ತವೆ. ಮೂರೂ ಬಾಟಲಿಗಳಿಗೆ ಒಂದೇ ವಾಸನೆ ಬೆರೆಸುತ್ತಾರೆ. ಅಂಕ ಹಾಕುವವರು ಉಗ್ರಾಣದ ಗುಮಾಸ್ತ. ವರ್ಷವಿಡೀ ನೆಗಡಿ ಬಿಡದ ಮನುಷ್ಯ. ಅವರಿಗೆ ಹಿಕ್ಕೆ ನೋಡುವುದನ್ನು ಅಕ್ಕ ಶನಿವಾರದಿಂದ ಕಲಿಸುತ್ತಾರೆ.